ಹಿಂಗಾರದ ಹುಡಿ

ತಂಗಿಗೆ ಆಗ ಎಂಟು ವರ್ಷ. ಬಾಳೆಹಣ್ಣು ಕಲಸಿ ಎಣ್ಣೆಯಲ್ಲಿ ಕರಿದ ಬನ್ಸ್ ಆದರೆ ನಾಲ್ಕು ತಿನ್ನುವವಳು, ಚಳಿಗಾಲ ಕಳೆದ ಮೇಲೆ ಹಣ್ಣನ್ನು ಹಾಗೇ ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. "ಕೇಲಾ ಕಾಟ್ತಾ ಹೈ" ಎನ್ನುತ್ತಿದ್ದಳು. ಮಳೆಗಾಲದಲ್ಲಿ ಅದೇ ಹಣ್ಣು ಅವಳನ್ನು ಏನೂ ಮಾಡುತ್ತಿರಲಿಲ್ಲ.

"ಹಣ್ಣು ಕಚ್ಚುವುದುಂಟಾ? ಎಂತ ನಾಟಕ ಮಾರಾಯ್ತಿ ನಿಂದು!" ಎಂದು ಅಮ್ಮ ನಗುತ್ತಿದ್ದಳು.

ಆ ಮಾರ್ಚ್‌ನ ಒಂದು ಭಾನುವಾರ ಬೆಳಿಗ್ಗೆ ಡೊಂಬಿವಲಿಯ ಹಾಲ್ ಒಂದರಲ್ಲಿ ನಮ್ಮ ಕುಟುಂಬದ ನಾಗಪೂಜೆ. ಊರಿನಿಂದ ರೈಲಿನಲ್ಲಿ ಹಿಂಗಾರ ಬಂದಿತ್ತು. ಅಡಿಕೆಯ ಹೂಗೊನೆ ಅದು. ಅದನ್ನು ಮುಚ್ಚಿದ್ದ ಹಾಳೆ ಸೀಳಿದೊಡನೆ ನಯವಾದ ಹುಡಿ ಗಾಳಿಗೆ ಎದ್ದಿತು. ತಂಗಿ ಪಕ್ಕದಲ್ಲೇ ಕುಳಿತು ಹೂ ಬಿಡಿಸುತ್ತ, ಸೀನುತ್ತ ಇದ್ದಳು. ಪೂಜೆ ಮುಗಿದಾಗ ಅಜ್ಜಿ ಪ್ರಸಾದದ ಬಾಳೆಹಣ್ಣನ್ನು ಅವಳ ಬಾಯಿಗೇ ಇಟ್ಟರು. "ಪ್ರಸಾದ ಬೇಡ ಹೇಳ್ಲಿಕ್ಕಿಲ್ಲ ಮಗಾ."

ಸ್ವಲ್ಪ ಹೊತ್ತಿಗೆ ಆ ಸದ್ದು ಬಂತು. ಸಪೂರವಾಗಿ, ಉದ್ದಕ್ಕೆ, ಬುಸ್ ಎಂದು. ತಂಗಿ ಕತ್ತೆತ್ತಿ ಕುಳಿತಿದ್ದಳು. ಕಣ್ಣು ಊದಿ ಗೆರೆಯಾಗಿತ್ತು. ನಾಲಿಗೆ ಹೊರಗೆ ಬಂದು ಹಲ್ಲಿಗೆ ಉಜ್ಜುತ್ತಿತ್ತು. ಮೈ ತೂಗುತ್ತಿತ್ತು. ದೂರದಲ್ಲಿ ಲೋಕಲ್ ರೈಲು ಹೋದದ್ದು ಕೇಳಿಸಿತು.

"ಬಂದದ್ದು! ಮಗುವಿನ ಮೈಮೇಲೆ ನಾಗ ಬಂದದ್ದು!" ಅಜ್ಜಿ ಕೂಗಿದರು.

ಎಲ್ಲರೂ ಎದ್ದು ಕೈ ಮುಗಿದರು. ಬಿಎಸ್‌ಸಿ ಕೊನೆಯ ವರ್ಷದಲ್ಲಿದ್ದ ನಾನೂ ಮುಗಿದೆ. ಹೀಗೆ ಮೈಮೇಲೆ ದರ್ಶನ ಬಂದವರಿಗೆ ಕೊಡುವುದು ಹಿಂಗಾರವನ್ನೇ. ಅಜ್ಜಿ ಒಂದು ಗೊಂಚಲು ಎತ್ತಿ ಅವಳ ಮುಖಕ್ಕೆ ಒಡ್ಡಿದರು. ಕೆನ್ನೆ, ಮೂಗು, ತುಟಿಯ ಮೇಲೆಲ್ಲ ಹುಡಿ. ಸದ್ದು ಇನ್ನೂ ಸಪೂರವಾಯಿತು.

ಹೊರಗೆ ಚಹಾ ಕುಡಿಯುತ್ತಿದ್ದ ಪಾತ್ರಿಗಳು ಅಷ್ಟರಲ್ಲಿ ಒಳಗೆ ಬಂದರು. ನಿಜಕ್ಕೂ ನಾಗದರ್ಶನ ಬರುವುದು ಅವರಿಗೆ. ಒಂದೇ ಸಲ ನೋಡಿ ಗದರಿದರು: "ಕಣ್ಣು ಕಾಣುದಿಲ್ವಾ ನಿಮ್ಗೆ? ಇದು ದರ್ಶನ ಅಲ್ಲ, ಮಗುವಿಗೆ ಉಸಿರು ಕಟ್ತಾ ಉಂಟು! ಆ ಹೂ ಬಿಸಾಡಿ! ರಿಕ್ಷಾ ತನ್ನಿ!"

ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟರು. ನಿಧಾನವಾಗಿ ಉಸಿರು ಸಡಿಲವಾಯಿತು.

ಆಮೇಲೆ ಠಾಣೆ ನಗರದ ಅಲರ್ಜಿ ಡಾಕ್ಟರು ವಿವರಿಸಿದರು. ಕೆಲವು ಹೂಗಳ ಪರಾಗವೂ ಕೆಲವು ಹಣ್ಣುಗಳೂ ಇಂಥವರ ದೇಹಕ್ಕೆ ಒಂದೇ ಥರ ಕಾಣುತ್ತವಂತೆ. ಹೂ ಬಿಡುವ ಕಾಲದಲ್ಲಿ ಹಣ್ಣೂ ಶತ್ರುವಾಗುತ್ತದಂತೆ. ಬಿಸಿ ತಾಗಿದರೆ ಎಷ್ಟೋ ಸಲ ಆ ಹೋಲಿಕೆ ಅಳಿಯುತ್ತದೆ. ಅಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಪಾತ್ರಿಗಳು ಇನ್ನೊಂದು ಲೋಟ ಚಹಾ ತೆಗೆದುಕೊಂಡಿದ್ದರೆ? ಇದನ್ನು ನಾನು ಯಾರ ಬಳಿಯೂ ಕೇಳಿಲ್ಲ.

ತಂಗಿ ಹತ್ತನೆಯ ತರಗತಿಯಲ್ಲಿದ್ದಾಗ ಒಮ್ಮೆ ತಾನಾಗಿ ಹೇಳಿದಳು: "ನನಗೆ ಎಲ್ಲ ಕೇಳ್ತಿತ್ತು ಅಣ್ಣ. ಕರೀಲಿಕ್ಕೆ ಆವಾಜ್ ಬರ್ತಿರಲಿಲ್ಲ. ನೋಡಿದ್ರೆ ನೀವೆಲ್ಲ ಕೈ ಮುಗಿದು ನಿಂತಿದ್ದೀರಿ. ಓಹೋ, ನಾನು ಸತ್ತಾಯ್ತು ಅಂತ ಅಂದ್ಕೊಂಡೆ."