ಪಾರಮ್ಮನ ಕಾಗದದ ಮೇಲೊಂದು ದೀರ್ಘ

ಕರೂರಿನಿಂದ ಸಿರುಗುಪ್ಪಕ್ಕೆ ಬರುವ ಮೊದಲ ಬಸ್ಸಿನಲ್ಲಿ ಪಾರಮ್ಮನ ಚೀಲದೊಳಗೆ ರೊಟ್ಟಿಯ ಗಂಟು ಇರುತ್ತದೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಾರೆ ಕೆಲಸದ ಕರಣಿ ಇರುತ್ತದೆ. ಕರಣಿಯ ಹಿಡಿ ಆಕೆಯ ಬೆರಳುಗಳ ಅಳತೆಗೆ ಸವೆದಿದೆ. ಆದರೂ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಆಕೆ ಕೂಲಿ ಎನ್ನುತ್ತಾಳೆ.

ಸಿರುಗುಪ್ಪದಲ್ಲಿ ನಾನು ಓದುವ ಕಾಲೇಜಿನ ಹಿಂದೆ ಎರಡು ಹೊಸ ಕೋಣೆಗಳು ಏಳುತ್ತಿವೆ. ಅವುಗಳ ಮೇಸ್ತ್ರಿ ಕುರುಗೋಡಿನ ಮರಿಬಸಪ್ಪ. ಪಾರಮ್ಮ ಹದಿನಾರು ವರ್ಷದವಳಿದ್ದಾಗ ಆತನ ಕೈಕೆಳಗೆ ಗಾರೆ ಹೊರಲು ಬಂದವಳು. ಈಗ ಆಕೆಗೆ ನಲವತ್ತೆರಡು. ಎರಡು ವರ್ಷದ ಹಿಂದೆ ಮರಿಬಸಪ್ಪನ ಕಣ್ಣು ಮಂಜಾದವು. ಸಕ್ಕರೆ ಕಾಯಿಲೆ ಒಳಗಿನಿಂದ ತಿಂದಿದೆ, ಉಳಿದಷ್ಟನ್ನು ಕಾಪಾಡಿಕೊಳ್ಳಿ ಎಂದು ಬಳ್ಳಾರಿಯಲ್ಲಿ ಡಾಕ್ಟರು ಹೇಳಿದರು. ಅಂದಿನಿಂದ ಬಿದಿರಿನ ಸಾರವೆ ಹತ್ತಿ ಗೋಡೆಗೆ ಗಿಲಾವು ಹಚ್ಚುವವಳು ಪಾರಮ್ಮ. ತೂಕದ ಗುಂಡು ಇಳಿಬಿಟ್ಟು ನೇರ ನೋಡುವವಳೂ ಅವಳೇ. ಮರಿಬಸಪ್ಪ ಕೆಳಗೆ ಸಿಮೆಂಟ್ ಚೀಲದ ಮೇಲೆ ಕುಳಿತು, ಕರಣಿಯ ಸದ್ದು ಕೇಳಿ, "ಬಲಕ್ಕ ದಪ್ಪಾತು" ಎನ್ನುತ್ತಾನೆ. ಬಹಳ ಸಲ ಅದು ನಿಜವಾಗಿರುತ್ತದೆ. ಗುತ್ತಿಗೆದಾರ ಬಂದಾಗ ಮಾತ್ರ ಆತ ಎದ್ದು ನಿಂತು ಗುಂಡಿನ ದಾರವನ್ನು ದಿಟ್ಟಿಸುತ್ತಾನೆ. ಪಾರಮ್ಮ ಪಕ್ಕದಲ್ಲಿ ನಿಂತು ಮೆಲ್ಲಗೆ ಕೆಮ್ಮಿದರೆ ಗೋಡೆ ನೇರ ಇದೆ ಎಂದರ್ಥ.

ಒಂದು ಮಧ್ಯಾಹ್ನ ಆಕೆ ಕಾರ್ಮಿಕರ ಕಾರ್ಡು ಹೊಸದು ಮಾಡಿಸುವ ಅರ್ಜಿ ಹಿಡಿದು ನನ್ನ ಬಳಿ ಬಂದಳು. ಹಳೆಯ ಕಾರ್ಡಿನಲ್ಲಿ ಕೆಲಸದ ಮುಂದೆ 'ಸಹಾಯಕಿ' ಎಂದಿತ್ತು.

"ಈಗ ಏನ್ ಬರೀಲಿ ಪಾರಮ್ಮಕ್ಕ?"

"ಮೇಸ್ತ್ರಿ ಅಂತ ಬರಿಯವ್ವ." ಹೇಳಿದ ಮೇಲೆ ಆಕೆ ಸುತ್ತ ನೋಡಿದಳು.

ಇಟ್ಟಿಗೆ ಜೋಡಿಸುತ್ತಿದ್ದ ರಾಮಾಂಜಿನಿಗೆ ಅದು ಕೇಳಿಸಿತ್ತು. ಮನೆಯಲ್ಲಿ ತೆಲುಗು ಆಡುವ ಅವನು ಇಲ್ಲಿ ಎಲ್ಲರನ್ನೂ ಕನ್ನಡದಲ್ಲೇ ಕಾಡುತ್ತಾನೆ. "ಹೆಣ್ಮಗಳು ಹೆಂಗ ಮೇಸ್ತ್ರಿ ಆಕ್ಕಾಳ? ನಮ್ ಕಡಿ ಮೇಸ್ತ್ರಮ್ಮ ಅಂದ್ರ ಮೇಸ್ತ್ರಿ ಹೇಣ್ತಿ. ಬಸಣ್ಣನ ಹೇಣ್ತಿಗೆ ಗೊತ್ತಾದ್ರ ಕುರುಗೋಡಿಂದ ನಡ್ಕೊಂತ ಬರ್ತಾಳ ನೋಡು."

"ಬರ್ಲಿ. ಆಕಿಗೂ ಒಂದು ಬಾಂಡ್ಲಿ ಕೊಡ್ತೀನಿ, ನಿನ್ ಜತಿ ಹೊರ್ಲಿ" ಎಂದಳು ಪಾರಮ್ಮ.

ನಾನು ಬರೆದೆ. ಆಕೆ ಬಗ್ಗಿ ನೋಡಿ, ಕೊನೆಯ ಅಕ್ಷರದ ಮೇಲೆ ಬೆರಳಿಟ್ಟಳು. ಓದು ಬಾರದಿದ್ದರೂ ಕೆಲವು ಅಕ್ಷರಗಳ ಮುಖಪರಿಚಯ ಆಕೆಗಿದೆ.

"ಇದು ನಮ್ಮ ಸಂಘದ ಪುಸ್ತಕದ ಮ್ಯಾಲ ಐತಲ್ಲ? ಸ್ತ್ರೀಶಕ್ತಿ ಅಂತ. ಅದಾ ಸ್ತ್ರೀ ಇದರಾಗೂ ಕುಂತೈತಿ."

ಅಲ್ಲ, ಅದಕ್ಕೆ ದೀರ್ಘ ಉಂಟು, ಇದಕ್ಕಿಲ್ಲ ಎಂದೆ.

"ಬಾಲ ಇಲ್ದಿದ್ರ ಏನಾತು, ಮಾರಿ ಅದಾ ಐತಿ."

ವರಾಂಡದಲ್ಲಿ ನಿಂತಿದ್ದ ನಮ್ಮ ತಿಪ್ಪೇಸ್ವಾಮಿ ಮೇಷ್ಟ್ರನ್ನು ಕೇಳಿದೆವು. ಅವರು ನಗಲಿಲ್ಲ. ಈ ಮಾತು ಬಹಳ ದೂರದಿಂದ ಬಂದದ್ದು ಎಂದರು. ಲ್ಯಾಟಿನ್ನಿನಲ್ಲಿ ಮಗಿಸ್ತೆರ್ ಎಂದರೆ ಹೆಚ್ಚಿನವ, ಬಲ್ಲವ. ಪೋರ್ಚುಗೀಸರ ಬಾಯಲ್ಲಿ ಅದು ಮೆಸ್ತ್ರೆ ಆಯಿತು. ಅವರ ಹಡಗಿನಲ್ಲಿ ಬಂದು ಕನ್ನಡ, ತೆಲುಗು, ತಮಿಳಿನಲ್ಲಿ ಮೇಸ್ತ್ರಿ ಎಂದು, ಉರ್ದುವಿನಲ್ಲಿ ಮಿಸ್ತ್ರಿ ಎಂದು ನೆಲೆಯಾಯಿತು. ಅದೇ ಮಾತು ಇಂಗ್ಲಿಷಿನ ಹಾದಿ ಹಿಡಿದು ಮಾಸ್ಟರ್ ಆಗಿ, ನಮ್ಮಲ್ಲಿಗೆ ಬರುವಷ್ಟರಲ್ಲಿ ಮೇಷ್ಟ್ರು ಆಯಿತು.

"ಅಂದ್ರ ನಾನೂ ಮರಿಬಸಪ್ಪನೂ ಒಂದಾ ಮನಿತನದವ್ರು" ಎಂದು ಅವರು ಸ್ವಲ್ಪ ನಕ್ಕರು. "ಸ್ತ್ರೀಗೂ ಇದಕ್ಕೂ ಸಂಬಂಧ ಇಲ್ಲ ಪಾರಮ್ಮ. ಆದ್ರ ಲ್ಯಾಟಿನ್ನಿನಾಗ ಹೆಂಗಸಿಗೆ ಬ್ಯಾರೆ ರೂಪ ಇತ್ತು, ಮಗಿಸ್ತ್ರ ಅಂತ. ಅದು ಮಾತ್ರ ಇಲ್ಲಿಗೆ ಬರ್ಲಿಲ್ಲ."

"ಹಡಗಿನಾಗ ಗಂಡಸ್ರ ಸೀಟಷ್ಟಾ ಇದ್ವೇನ್ರಿ ಸರ?"

ಮೇಷ್ಟ್ರು ಈ ಸಲ ಜೋರಾಗಿ ನಕ್ಕರು.

ಆದರೆ ಅರ್ಜಿಯ ಕೆಳಗೆ, ಈಕೆ ಇಂಥ ಕೆಲಸ ಮಾಡುತ್ತಾಳೆ ಎಂದು ಕೆಲಸ ಕೊಟ್ಟವರು ತಮ್ಮ ಕೈಯಿಂದಲೇ ಬರೆದು ಸಹಿ ಹಾಕಬೇಕಿತ್ತು. ಪಾರಮ್ಮ ಕಾಗದವನ್ನು ಮರಿಬಸಪ್ಪನ ಮೊಣಕಾಲಿನ ಮೇಲಿಟ್ಟಳು. ಆತ ಅದನ್ನು ಮುಟ್ಟಲಿಲ್ಲ.

"ನೀ ಮೇಸ್ತ್ರಿ ಆದ್ರ ನಾನೇನವ್ವ?" ಎಂದ.

ಆ ಕಾಗದ ಗುತ್ತಿಗೆದಾರನ ಕಣ್ಣಿಗೆ ಬಿದ್ದರೆ ಕರಣಿ ಯಾರ ಕೈಯಲ್ಲಿದೆ ಎಂದು ತಿಳಿಯುತ್ತದೆ. ಮುಂದಿನ ಕೆಲಸಕ್ಕೆ ತನ್ನನ್ನು ಕರೆಯುವರೋ ಇಲ್ಲವೋ ಎಂಬ ಭಯ ಆತನಿಗಿತ್ತು. ಅದು ಪಾರಮ್ಮನಿಗೂ ಗೊತ್ತು. ಕಾಗದ ಮಡಚಿ ಚೀಲದಲ್ಲಿಟ್ಟು ಆಕೆ ಸಾರವೆ ಹತ್ತಿದಳು. ಆ ದಿನವೂ ಮರುದಿನವೂ ಇಬ್ಬರ ನಡುವೆ ಮಾತು ಕಡಿಮೆಯಿತ್ತು. ಗುತ್ತಿಗೆದಾರ ಬಂದು ಹೋದ. ಪಾರಮ್ಮ ಎಂದಿನಂತೆ ಕೆಮ್ಮಿದಳು.

ಮೂರನೆಯ ದಿನ ನಾನು ಹೋದಾಗ ಒಳಗೋಡೆ ಮುಗಿದಿತ್ತು. ಮರಿಬಸಪ್ಪ ಎದ್ದು ಅಂಗೈ ಊರಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಧಾನವಾಗಿ ಗೋಡೆ ಸವರುತ್ತ ಹೋದ. ಕಿಟಕಿಯ ಅಂಚಿನಲ್ಲಿ ಕೈ ನಿಂತಿತು. ಅಲ್ಲಿ ಅಂಚನ್ನು ಉಗುರಿನಷ್ಟು ದುಂಡಗೆ ತಿರುವುವುದು ಆತನ ರೂಢಿ.

"ಇದನ್ನ ನಾ ಹೇಳಿದ್ನೇನು ನಿನಗ?"

"ಹೇಳಿಲ್ಲ. ನೀ ಮಾಡಾದು ನೋಡೀನಿ." ಪಾರಮ್ಮ ಕೈ ಒರೆಸಿಕೊಂಡಳು. "ಮೊನ್ನಿ ಕೇಳಿದ್ಯಲ್ಲ ಬಸಣ್ಣ, ನೀನೇನು ಅಂತ. ಎಲ್ಡೂ ಒಂದಾ ಮಾತಂತ, ಸರ ಹೇಳ್ಯಾರ. ನಾ ಮೇಸ್ತ್ರಿ ಆದ್ರ, ನೀ ನನಗ ಮೇಷ್ಟ್ರು."

ಮರಿಬಸಪ್ಪ ಗೋಡೆಯಿಂದ ಕೈ ತೆಗೆಯಲಿಲ್ಲ. ದುಂಡಗಿನ ಅಂಚನ್ನು ಇನ್ನೊಮ್ಮೆ ಸವರಿ, "ಕಾಗದ ತಾ" ಎಂದ. "ಎಲ್ಲಿ ಬರೀಬೇಕು, ಬಳ್ಳಿಟ್ಟು ತೋರ್ಸು."

ಸಿಮೆಂಟ್ ಚೀಲದ ಮೇಲೆ ಕುಳಿತು, ಆಕೆಯ ಬೆರಳಿನ ಪಕ್ಕದಲ್ಲೇ ಆತ ಅಕ್ಷರಗಳನ್ನು ಒಂದೊಂದಾಗಿ ಇಟ್ಟ. ಸಾಲು ವಾರೆಯಾಗಿ ಮೇಲಕ್ಕೇರಿತ್ತು. ಕೊನೆಯಲ್ಲಿ ದೀರ್ಘವೊಂದಿತ್ತು: ಮೇಸ್ತ್ರೀ.

"ಅಜ್ಜಾ, ದೀರ್ಘ ಬ್ಯಾಡ" ಎಂದೆ.

"ಯಾಕ ಬ್ಯಾಡ? ನಲವತ್ತು ವರ್ಷ ನನ್ನ ಎಲ್ಲಾರೂ ಹಂಗಾ ಕರದಾರ."

ಅಷ್ಟರಲ್ಲಿ ಹೊರಗೆ ಮರಳಿನ ಟ್ರ್ಯಾಕ್ಟರಿನ ಸದ್ದಾಯಿತು. "ಮೇಸ್ತ್ರೀ, ಮಳ್ಳು ಬಂತು" ಎಂದು ರಾಮಾಂಜಿನಿ ಉದ್ದಕ್ಕೆ ಎಳೆದು ಕೂಗಿದ. ಮರಿಬಸಪ್ಪ ಅಭ್ಯಾಸದಂತೆ ಏಳಲು ಹೋದವನು, ಚೀಲದ ಮೇಲೆ ಮತ್ತೆ ಕುಳಿತ.

"ಹೋಗವ್ವ" ಎಂದ. "ಕರಿಯಾಕತ್ತಾನ."