ಗೋಡೆಯಾಚೆಗೊಂದು ಕೂಗು

ಓರಿಹಾರಾ ತೊಕುಜಿ ಮೂವತ್ತು ವರ್ಷ ತಗಡು ಬಡಿದ. ಅದನ್ನೇ ಸಂಗೀತವೆಂದ. ಟೋಕಿಯೊದ ಕಾಫಿ ಅಂಗಡಿಗಳ ನೆಲಮಾಳಿಗೆಯಲ್ಲಿ ಹತ್ತೋ ಹನ್ನೆರಡೋ ಜನರ ಮುಂದೆ ತಗಡು, ತುಕ್ಕು ಹಿಡಿದ ಕೊಳವೆ ಎಲ್ಲವನ್ನೂ ನುಡಿಸಿ, ಟೇಪಿನಲ್ಲಿ ಹಿಡಿದು, ತಿರುವುಮುರುವು ಮಾಡಿ ಕೇಳಿಸಿದ. ಅದನ್ನು ಕೇಳಿ ಬೆಚ್ಚಿದ ಸಿನಿಮಾದವನೊಬ್ಬ ಭೂತದ ಚಿತ್ರಕ್ಕೆ ಕರೆದ. ಆಮೇಲೆ ಭೂತ, ಕೊಲೆ, ಭೂಕಂಪ ಎಲ್ಲಿದ್ದರೂ ತೊಕುಜಿಗೇ ಕರೆ. ಹೊಟ್ಟೆಪಾಡು ಸಲೀಸಾಯಿತು.

ಆದರೆ ಹೆಂಡತಿ ಫುಜಿಯೆ ಅವನ ಒಂದು ಚಿತ್ರವನ್ನೂ ಪೂರ್ತಿ ನೋಡಿರಲಿಲ್ಲ. "ನಿಮ್ಮ ಸಂಗೀತ ಶುರುವಾದ್ರೆ ಎದ್ದು ಹೊರಗೆ ಹೋಗಿಬಿಡ್ತೀನಿ ಕಣ್ರೀ. ಎದೆ ಡವಡವ ಅನ್ನತ್ತೆ," ಅನ್ನುತ್ತಿದ್ದಳು.

ಐವತ್ತೆಂಟರ ವಯಸ್ಸಿಗೆ, ಅಂತೂ ಇಂತೂ, ಭೂತವಿಲ್ಲದ ಚಿತ್ರವೊಂದು ಸಿಕ್ಕಿತು. ಹೆಂಡತಿ ಸತ್ತ ಮುದುಕನ ಕತೆ. ಇದನ್ನಾದರೂ ಫುಜಿಯೆ ಕೊನೆಯವರೆಗೆ ಕೂತು ನೋಡಲಿ ಎಂಬುದೊಂದೇ ಅವನ ಆಸೆ. ಕೊನೆಯ ದೃಶ್ಯದಲ್ಲಿ ಮುದುಕ, ಕೇರಿಯವರೆಲ್ಲ ದುಡ್ಡು ಕೊಟ್ಟು ಮೀಯುವ ಸಾರ್ವಜನಿಕ ಸ್ನಾನದ ಮನೆಯಲ್ಲಿ ಒಬ್ಬನೇ ಕೂತಿರುತ್ತಾನೆ. ಅದಕ್ಕೆ ತೊಕುಜಿ ಕೊಟ್ಟದ್ದು ಒಂದೂ ನಿರ್ದೇಶಕ ಮಿಕುರಿಯಾನಿಗೆ ಹಿಡಿಸಲಿಲ್ಲ.

"ತಪ್ಪು ತಿಳೀಬೇಡಿ ಗುರುಗಳೇ. ಶುಕ್ರವಾರದೊಳಗೆ ಆಗದಿದ್ರೆ ಪಿಟೀಲಿನವರನ್ನ ಕರೆಸಿಬಿಡ್ತೀನಿ."

ಪಿಟೀಲು! ತೊಕುಜಿಗೆ ಮೈಯೆಲ್ಲ ಉರಿಯಿತು. ಸಂಜೆಯ ಸ್ನಾನದ ಮನೆಯ ಗದ್ದಲಕ್ಕಿಂತ ಒಳ್ಳೆಯ ಸಂಗೀತ ಬೇಕೆ? ಬುಧವಾರ ಮನೆಮನೆಗೆ ಹೋಗಿ, ಪದ್ಧತಿಯಂತೆ ಒಂದೊಂದು ಟವೆಲು ಕೊಟ್ಟು, ಸೊಂಟ ಬಗ್ಗಿಸಿ, "ನಾಳೆ ಸ್ನಾನದ ಮನೇಲಿ ಟೇಪು ಇಡ್ತೀನಿ. ತೊಂದರೆ ಆಗತ್ತೆ, ಕ್ಷಮಿಸಿ," ಎಂದು ಮುಂಚಿತವಾಗಿ ತಪ್ಪೊಪ್ಪಿಕೊಂಡ.

ಅಲ್ಲೇ ಎಡವಿದ. ಗುರುವಾರ ಸಂಜೆ ಕೇರಿಗೆ ಕೇರಿಯೇ, ಟೇಪಿಗೆ ಅಡ್ಡಿಯಾಗಬಾರದೆಂದು, ಪಿಟ್ಟೆನ್ನದೆ ಸ್ನಾನ ಮಾಡಿತು. ಮರದ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮಲಗಿದ ಮಗುವನ್ನು ಇಳಿಸುವ ಹಾಗೆ ನೆಲಕ್ಕಿಟ್ಟರು. ದಿನಾ ಗಂಟಲು ಹರಿಯುವಂತೆ ಹಾಡುತ್ತಿದ್ದ ತೋಫು ಅಂಗಡಿಯ ಗೆಂಪಾಚಿ ಕುತ್ತಿಗೆಯವರೆಗೆ ಬಿಸಿನೀರಲ್ಲಿ ಮುಳುಗಿ ಬಾಯಿಗೆ ಬೀಗ ಹಾಕಿದ್ದ.

"ಹಾಡೋ ಮಾರಾಯ!" ತೊಕುಜಿ ಪಿಸುಗುಟ್ಟಿದ.

"ಟವೆಲ್ ಇಸ್ಕೊಂಡು ಹಾಡೋದಾ? ನಂಗೂ ಮಾನ ಮರ್ಯಾದೆ ಇದೆ ಕಣಯ್ಯ," ಗೆಂಪಾಚಿಯೂ ಪಿಸುಗುಟ್ಟಿದ.

ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ಗಂಟೆಯಲ್ಲಿ ಟೇಪಿಗೆ ಬಿದ್ದದ್ದು ನಲ್ಲಿ ತೊಟ್ಟಿಕ್ಕಿದ್ದು ಮಾತ್ರ. ಇನ್ನು ಪಿಟೀಲೇ ಗತಿ ಎಂದುಕೊಂಡು ತೊಕುಜಿ ಎದ್ದು ಮೈ ಒರೆಸಿಕೊಂಡ. ಗೋಡೆಯಾಚೆ ಹೆಂಗಸರ ಕಡೆ ಫುಜಿಯೆ ಇದ್ದಳು. ಇಬ್ಬರೂ ಒಟ್ಟಿಗೆ ಮನೆಗೆ ಹೋಗುವುದು ವಾಡಿಕೆ. ಅಭ್ಯಾಸಬಲದಿಂದ ಕೂಗಿಯೇಬಿಟ್ಟ:

"ಏಯ್, ಹೊರಟೆ ಕಣೇ!"

ಮಾಡು ಮುಟ್ಟದ ಆ ಗೋಡೆಯ ಮೇಲಿಂದ ಉತ್ತರ ಬಂತು: "ಬಂದೇ…"

ಎರಡೂ ಕಡೆ ನಗೆ ಉಕ್ಕಿತು. ದುಡ್ಡು ತೆಗೆದುಕೊಳ್ಳಲು ಬಾಗಿಲಲ್ಲಿ ಕೂತಿದ್ದ ಹಮಾ ಅಜ್ಜಿ, "ಕೇರಿಯೋರೆಲ್ಲ ಸುಮ್ನಿದ್ರೆ ಗಂಡ ಹೆಂಡ್ತಿಗೇ ತಡ್ಕೊಳ್ಳಕ್ಕಾಗ್ಲಿಲ್ಲವಲ್ಲ!" ಎಂದಳು. ಟೇಪು ಇನ್ನೂ ಸುತ್ತುತ್ತಿತ್ತು.

ಮರುದಿನ ಬೆಳಿಗ್ಗೆ ತೊಕುಜಿ ಟೇಪಿನಲ್ಲಿ ತನ್ನ ಕೂಗನ್ನು ಉಳಿಸಿಕೊಂಡು ಹೆಂಡತಿಯ ಉತ್ತರವನ್ನೂ ಆಮೇಲಿನ ನಗೆಯನ್ನೂ ಕತ್ತರಿಸಿದ. ನಲ್ಲಿ ತೊಟ್ಟಿಕ್ಕಿದ್ದನ್ನು ಕೂಗಿನ ಹಿಂದೆ ಅಂಟಿಸಿದ. ಮಿಕುರಿಯಾ ಒಮ್ಮೆ ಕೇಳಿದ, ಇನ್ನೊಮ್ಮೆ ಕೇಳಿದ, ಪಿಟೀಲಿನವರಿಗೆ ಬರಬೇಡಿ ಎಂದು ಫೋನು ಮಾಡಿಸಿದ.

ಚಿತ್ರ ತೆರೆಕಂಡಾಗ ಇಡೀ ಕೇರಿ ಎರಡು ಸಾಲು ತುಂಬಿ ಕೂತಿತ್ತು. ಫುಜಿಯೆ ಎದ್ದು ಹೋಗಲಿಲ್ಲ. ಕೊನೆಗೆ ಪರದೆಯ ಮೇಲೆ ಆ ಮುದುಕನ ಬೆನ್ನು, ಹಬೆ, ಗೋಡೆ.

"ಏಯ್, ಹೊರಟೆ ಕಣೇ!"

ಕೂಗು ಗೋಡೆ ದಾಟಿ, ಮಾಡಿಗೆ ತಾಗಿ, ಕರಗಿತು. ನೀರು ತೊಟ್ಟಿಕ್ಕಿತು. ಯಾರೂ ಉತ್ತರಿಸಲಿಲ್ಲ.

"ಬಂದೇ," ಎಂದಳು ಫುಜಿಯೆ, ಕತ್ತಲಲ್ಲಿ, ಗಟ್ಟಿಯಾಗಿ.

ಒಬ್ಬರೂ ನಗಲಿಲ್ಲ. ಗೆಂಪಾಚಿ ಮೂಗು ಒರೆಸಿಕೊಂಡ. ತೊಕುಜಿ ಹೆಂಡತಿಯ ಕಡೆ ಬಾಗಿ, "ಎಲ್ಲೂ ಹೊರಟಿಲ್ಲ ಕಣೇ, ಇಲ್ಲೇ ಇದೀನಿ," ಎಂದು ಅವಳ ಕೈ ಹಿಡಿದುಕೊಂಡ.