ದಿಬ್ಬದಿಂದ ಇಳಿದು ಎರಡು ಹೆಜ್ಜೆ

ಎರಾಸ್ಮೊ ಕೆಸಾದಾ ಯಾರ ಮನೆಗೆ ಹೋದರೂ ಎರಡು ಸಲ ಹೊರಡುತ್ತಾನೆ. ಮೊದಲು ಎದ್ದು, ಟೋಪಿ ಹಾಕಿಕೊಂಡು, ಬಾಗಿಲ ತನಕ ಹೋಗುತ್ತಾನೆ. ಅಲ್ಲಿ ಏನೋ ನೆನಪಾಗಿ ಹಿಂದಕ್ಕೆ ಬರುತ್ತಾನೆ. ಮತ್ತೆ ಕಾಫಿ ಕಾಯಿಸಬೇಕಾಗುತ್ತದೆ. "ನಮ್ಮೋರು ಸತ್ತ್ ಮೇಲೂ ಪೆಟ್ಟಿಗೆಯಿಂದ ಎದ್ದು ಕೂತು ಇನ್ನೊಂದ್ ಮಾತು ಅಂತಾರೆ, ಪಾದ್ರಿಗಳು ಪಾಪ ಕಾಯ್ಬೇಕು" ಎಂದು ಅವನ ಹೆಂಡತಿ ದಾಮಾರಿಸ್ ಎಲ್ಲರ ಮುಂದೆಯೇ ಹಂಗಿಸುತ್ತಾಳೆ. ಅವನೂ ನಗುತ್ತಾನೆ. ನಕ್ಕು ಇನ್ನೊಂದು ಮಾತು ಹೇಳುತ್ತಾನೆ.

ನಾನು ಈ ಊರಿನ ಬೇಸ್‌ಬಾಲ್ ಮೈದಾನದ ಮಣ್ಣು ನೋಡಿಕೊಳ್ಳುವವನು. ಇಪ್ಪತ್ತಾರು ವರ್ಷವಾಯಿತು. ಮೈದಾನದ ನಡುವೆ ಎಸೆಗಾರ ನಿಂತು ಚೆಂಡು ಎಸೆಯುವ ಮಣ್ಣಿನ ದಿಬ್ಬವಿದೆಯಲ್ಲ, ಅದನ್ನು ದಿನಾ ನೀರು ಹಾಕಿ, ತಟ್ಟಿ, ಹೆಣ್ಣುಮಗಳ ತಲೆ ಬಾಚಿದ ಹಾಗೆ ಬಾಚಿ ಇಡುತ್ತೇನೆ. ಆಟಗಾರರು ಬಂದು ಬೂಟಿನ ಮೊಳೆಯಿಂದ ಅಗೆದು ಹಾಳು ಮಾಡುತ್ತಾರೆ. ಅವರಿಗೆ ನಾನು ಬೈಯದ ದಿನವಿಲ್ಲ. ಎರಾಸ್ಮೊ ನಮ್ಮ ಪೆಲಿಕಾನೋಸ್ ತಂಡದಲ್ಲಿ ಎಸೆಗಾರರ ಕೋಚು. ಅವನ ಮಗಳಿಗೆ ಚರ್ಚಿನಲ್ಲಿ ತಲೆಗೆ ನೀರು ಹಾಕಿಸುವಾಗ ಕೂಸನ್ನು ಎತ್ತಿಕೊಂಡು ನಿಂತವನು ನಾನು. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ, ನಂಟಸ್ತಿಕೆಗಿಂತ ಹೆಚ್ಚು. ಆದ್ದರಿಂದ ಅವನ ವಿಷಯ ಹೇಳುವ ಹಕ್ಕು ನನಗಿದೆ, ಬೈಯುವ ಹಕ್ಕೂ ಇದೆ.

ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಇನ್ನೂರು ಹುಡುಗರಿಗಾದರೂ ಎಸೆಯುವುದು ಕಲಿಸಿದ್ದಾನೆ. ನಾಲ್ಕು ಜನ ಅಮೆರಿಕದ ದೊಡ್ಡ ಲೀಗಿಗೆ ಹೋಗಿ, ಬಂಗಲೆ ಕಟ್ಟಿಸಿ, ಇವನ ಹೆಸರನ್ನೂ ಮರೆತರು. ಅವನ ಪಾಲಿಗೆ ಉಳಿದವನು ಎಲ್ಪಿದಿಯೊ ಮೊರ್ಲಾ ಒಬ್ಬನೇ. ನಾವೆಲ್ಲ ಪಿದಿಯೊ ಅನ್ನುತ್ತೇವೆ. ಕಬ್ಬು ಕಡಿಯುವವರ ಕೇರಿಯಲ್ಲಿ ಹದಿನಾಲ್ಕನೇ ವಯಸ್ಸಿನಲ್ಲಿ ಕಲ್ಲು ಹೊಡೆದು ಮಾವಿನಕಾಯಿ ಉದುರಿಸುತ್ತಿದ್ದವನನ್ನು ಎರಾಸ್ಮೊ ಕಂಡ. ಅವರಮ್ಮನ ಎದುರು ಕುಳಿತು, "ಈ ಕೈಗೆ ಕತ್ತಿ ಕೊಡ್ಬೇಡಿ ತಾಯಿ, ನಂಗೆ ಕೊಡಿ" ಎಂದು ಕೇಳಿ ಕರೆತಂದ. ಪಿದಿಯೊ ಅಮೆರಿಕಕ್ಕೂ ಹೋದ. ಅಲ್ಲಿ ಸಣ್ಣ ಸಣ್ಣ ಊರುಗಳ ತಂಡಗಳಲ್ಲಿ ಐದು ವರ್ಷ ಆಡಿದ. ಭುಜ ಹರಿಯಿತು, ಕೊಯ್ದು ಹೊಲಿದರು, ಮನೆಗೆ ಕಳಿಸಿದರು. ಆಮೇಲೆ ಚಳಿಗಾಲಕ್ಕೆ ನಮ್ಮಲ್ಲಿ, ಬೇಸಿಗೆಗೆ ಎಲ್ಲಿ ಕರೆದರೆ ಅಲ್ಲಿ. ನಿಕರಾಗುವ, ಇಟಲಿ, ಮೆಕ್ಸಿಕೊ. ಕಳೆದ ಬೇಸಿಗೆಯಲ್ಲಿ ಎಲ್ಲಿಂದಲೂ ಕರೆ ಬರಲಿಲ್ಲ. ಈ ಸಲವೂ ಬರದಿದ್ದರೆ ಅವನ ಎಸೆತ ಮುಗಿದ ಹಾಗೆ. ವಯಸ್ಸು ಮೂವತ್ತಾರು.

ಅಕ್ಟೋಬರಿನಲ್ಲಿ ತಂಡದ ಪಟ್ಟಿ ಬರೆದರು. ಪಿದಿಯೊನ ಹೆಸರು ಕೊಟ್ಟಕೊನೆಯಲ್ಲಿತ್ತು. ನವೆಂಬರಿನಲ್ಲಿ ಅಮೆರಿಕದಿಂದ ಎಡಗೈ ಎಸೆಗಾರನೊಬ್ಬ ಬಂದಿಳಿದ, ಪಿದಿಯೊನನ್ನು ಕೈಬಿಟ್ಟರು. ಎರಾಸ್ಮೊ ದಿನಾ ಬೆಳಿಗ್ಗೆ ತಂಡದ ಯಜಮಾನಿಕೆ ನೋಡುವ ಮೆಹಿಯಾ ಸಾಹೇಬರ ಬಾಗಿಲಲ್ಲಿ ನಿಂತ. ಮೆಹಿಯಾ ನಮ್ಮ ಮಕ್ಕಳ ವಯಸ್ಸಿನವರು. ಇಸ್ತ್ರಿ ಮುರಿಯದ ಅಂಗಿ.

"ಎರಾಸ್ಮೊ ಅವ್ರೇ, ಮೂವತ್ತಾರು ವರ್ಷದ ಭುಜಕ್ಕೆ ನಾನು ಜಾಗ ಇಟ್ಕೊಂಡ್ ಕೂತ್ರೆ, ಮೇಲಿನವ್ರು ನನ್ನ ಜಾಗ ಕಿತ್ಕೋತಾರೆ."

"ಸರಿ ಸಾಹೇಬ್ರೇ. ಇನ್ನೊಂದ್ ಮಾತು..."

"ನಿಮ್ಮ ಇನ್ನೊಂದ್ ಮಾತು ನಿನ್ನೆನೂ ಕೇಳ್ದೆ, ಮೊನ್ನೆನೂ ಕೇಳ್ದೆ."

ಹಾಗೆ ಎರಡು ವಾರ. ಅಷ್ಟೂ ದಿನ ಪಿದಿಯೊ ಬೆಳಗಾಗುತ್ತಲೇ ಮೈದಾನಕ್ಕೆ ಬರುತ್ತಿದ್ದ. ಅರವತ್ತೊಂದರ ಎರಾಸ್ಮೊ ಸವೆದ ಮಂಡಿಗಳನ್ನು ಮಡಿಸಿ ಕುಕ್ಕರಗಾಲಲ್ಲಿ ಕುಳಿತು ಅವನ ಎಸೆತ ಹಿಡಿಯುತ್ತಿದ್ದ. ಒಂದು ದಿನ ಕುಳಿತವನಿಗೆ ಏಳಲಾಗಲಿಲ್ಲ. ನಾನು ಪೊರಕೆ ಬಿಸಾಕಿ ಓಡಿ ಹೋಗಿ ಕಂಕುಳಿಗೆ ಕೈ ಕೊಟ್ಟೆ.

"ಮನೇಲಿ ಬಿದ್ಕೊಳ್ಳೋ ವಯಸ್ಸಲ್ಲಿ ಇದೇನು ಕೊಂಪಾದ್ರೆ?" ಎಂದೆ.

"ಇವನೂ ಹೋದ್ರೆ ನಾನು ಇಷ್ಟು ವರ್ಷ ಏನ್ ಮಾಡ್ದೆ ಹೇಳು" ಎಂದ. ಕಣ್ಣು ಒದ್ದೆಯಾಗಿತ್ತು. ಮಂಡಿನೋವಿಗೆ ಎಂದು ನಾನು ಅಂದುಕೊಂಡೆ, ಪಿದಿಯೊನೂ ಹಾಗೇ ಅಂದುಕೊಂಡಿರಲಿ ಎಂದು ಬಯಸಿದೆ.

ಆ ಅಮೆರಿಕದವನು ಟರ್ಕಿ ಕೋಳಿ ತಿನ್ನುವ ಹಬ್ಬಕ್ಕೆ ಅಮ್ಮನನ್ನು ನೋಡಿಕೊಂಡು ಬರುತ್ತೇನೆ ಎಂದು ಹೋದವನು ಬರಲೇ ಇಲ್ಲ. ಪಿದಿಯೊ ಮತ್ತೆ ಪಟ್ಟಿಗೆ ಸೇರಿದ. ತಂಡ ಡಿಸೆಂಬರಿನ ಕೊನೆಯ ಪಂದ್ಯ ಗೆದ್ದು, ಬಾಲ ಹಿಡಿದ ಹಾಗೆ ನಾಲ್ಕನೆಯದಾಗಿ ಮುಂದಿನ ಸುತ್ತು ಮುಟ್ಟಿತು.

ಮುಟ್ಟಿದ್ದೇ ಇನ್ನೊಂದು ಕಂಟಕ ಬಂತು. ಸೋತು ಹೊರಬಿದ್ದ ಎರಡು ತಂಡಗಳ ಒಳ್ಳೆಯ ಆಟಗಾರರನ್ನು ಉಳಿದ ನಾಲ್ಕು ತಂಡಗಳು ಹಂಚಿಕೊಳ್ಳುವುದು ನಮ್ಮ ಪದ್ಧತಿ. ಬರುವ ಪ್ರತಿಯೊಬ್ಬನಿಗೂ ನಮ್ಮವನೊಬ್ಬ ಜಾಗ ಬಿಡಬೇಕು. ನಿನ್ನೆ ತನಕ ನಾವು ಅಮ್ಮ ಅಕ್ಕ ಎಂದು ಬೈದವನು ಇವತ್ತು ನಮ್ಮ ಅಂಗಿ ತೊಟ್ಟು ಬರುತ್ತಾನೆ, ನಮ್ಮ ಹುಡುಗ ಚೀಲ ಹೊತ್ತು ಹೋಗುತ್ತಾನೆ. ಎರಾಸ್ಮೊ ಟೋಪಿ ತೆಗೆದು ಮೆಹಿಯಾ ಸಾಹೇಬರ ಮೇಜಿನ ಮೇಲಿಟ್ಟ. "ಅವನ್ನ ತೆಗೆದ್ರೆ ಇದನ್ನೂ ತೆಗೆದಿಟ್ಕೊಳ್ಳಿ" ಎಂದ. ಅದೊಂದು ಸಲ ಇನ್ನೊಂದು ಮಾತು ಸೇರಿಸದೆ ಹೊರಗೆ ಬಂದ. ಪಿದಿಯೊ ಉಳಿದ.

ಆ ಸುತ್ತಿನಲ್ಲಿ ಹದಿನೆಂಟು ಪಂದ್ಯ. ಹದಿನೇಳು ಮುಗಿದಾಗ ಎರಡನೇ ಸ್ಥಾನಕ್ಕೆ ನಾವೂ ಇನ್ನೊಂದು ತಂಡವೂ ಸಮಸಮ. ಕೊನೆಯ ಪಂದ್ಯ ಭಾನುವಾರ ಮಧ್ಯಾಹ್ನ, ನಮ್ಮಲ್ಲೇ, ಅದೇ ತಂಡದ ಮೇಲೆ. ಗೆದ್ದವರು ಫೈನಲಿಗೆ. ನಮ್ಮ ಉಳಿದ ಎಸೆಗಾರರ ಕೈಗಳೆಲ್ಲ ಬಸವಳಿದಿದ್ದವು. ಪಿದಿಯೊನೇ ಆಟ ಶುರು ಮಾಡಬೇಕಾಯಿತು.

ಅದೇ ದಿನ ಮೆಕ್ಸಿಕೊದಿಂದ ಉರ್ತಾದೊ ಬಂದಿದ್ದ. ಅಲ್ಲಿನ ತಂಡವೊಂದಕ್ಕೆ ಆಟಗಾರರನ್ನು ಆರಿಸುವವನು, ಹುಲ್ಲಿನ ಟೋಪಿಯ ಮುದುಕ. ಎರಾಸ್ಮೊ ಎಂಟು ಸಲ ಫೋನು ಮಾಡಿ ಕರೆಸಿದ್ದ. ಪಂದ್ಯಕ್ಕೆ ಮುಂಚೆ ನನ್ನ ಎದುರಿಗೇ ಅವನು ಎರಾಸ್ಮೊಗೆ ಹೇಳಿದ:

"ನೋಡಿ, ವಯಸ್ಸಾದ ಕೈ ಐದು ಇನಿಂಗ್ಸ್ ಯಾರಿಗ್ ಬೇಕಾದ್ರೂ ಸುಳ್ಳು ಹೇಳುತ್ತೆ. ಏಳನೇದ್ರಲ್ಲಿ ನಿಜ ಹೊರಗ್ ಬೀಳುತ್ತೆ. ಏಳು ಮುಗಿಸ್ಲಿ. ಕಾಗದ ಚೀಲದಲ್ಲೇ ಇದೆ, ಇಲ್ಲೇ ರುಜು ಹಾಕಿಸ್ಕೊಂಡ್ ಹೋಗ್ತೀನಿ."

ಪಿದಿಯೊ ಆ ದಿನ ಎಸೆದ ಹಾಗೆ ನಾನು ಯಾರೂ ಎಸೆದದ್ದು ಕಂಡಿಲ್ಲ. ವೇಗ ಎಂದೋ ಹೋಗಿತ್ತು. ಬುದ್ಧಿಯಿಂದ ಎಸೆದ. ಬ್ಯಾಟು ಹಿಡಿದವರು ಇಲ್ಲದ ಚೆಂಡಿಗೆ ಬೀಸಿ ನಾಚಿಕೊಂಡು ಹೋದರು. ಆರು ಇನಿಂಗ್ಸ್ ಮುಗಿದಾಗ ನಮಗೆ ಎರಡು ರನ್, ಅವರಿಗೆ ಒಂದು. ಏಳನೆಯದರಲ್ಲಿ ಇಬ್ಬರನ್ನು ಔಟ್ ಮಾಡಿದ. ಇನ್ನೊಬ್ಬನಾದರೆ ಏಳು ಮುಗಿದ ಹಾಗೆ. ಅಷ್ಟರಲ್ಲಿ ಒಂದು ಹೊಡೆತ ಬಿತ್ತು, ಮತ್ತೊಂದು ಬಿತ್ತು. ಅವರ ಕಡೆಯ ಇಬ್ಬರು ಓಡಿ ಬೇಸುಗಳ ಮೇಲೆ ನಿಂತರು. ಇನ್ನೊಂದು ಹೊಡೆತ ಬಿದ್ದರೆ ಇಬ್ಬರೂ ಓಡಿ ಬಂದು ಎರಡು ರನ್ ಮಾಡುತ್ತಾರೆ, ನಾವು ಸೋತ ಹಾಗೆ. ಜನ ತಗಡು ಬಡಿಯುತ್ತಿದ್ದರು, ತುತ್ತೂರಿ ಊದುತ್ತಿದ್ದರು. ಕಿವಿ ಕಿತ್ತುಹೋಗುವ ಗದ್ದಲ.

ಮ್ಯಾನೇಜರ್ ಕಣ್ಸನ್ನೆ ಮಾಡಿದ. ಎರಾಸ್ಮೊ ದಿಬ್ಬಕ್ಕೆ ನಡೆದ.

ಕೋಚು ಹೀಗೆ ಹೋಗಿ ಎರಡು ಮಾತಾಡಬಹುದು. ಆದರೆ ಒಂದೇ ಇನಿಂಗ್ಸ್‌ನಲ್ಲಿ ಎರಡನೇ ಸಲ ಹೋದರೆ ಎಸೆಗಾರ ಇಳಿಯಲೇಬೇಕು. ದಿಬ್ಬದ ಸುತ್ತ ನಾನು ದುಂಡಗೆ ಮಣ್ಣು ಹಾಕಿದ್ದೇನೆ. ಆ ಮಣ್ಣು ದಾಟಿ ಹುಲ್ಲಿನ ಮೇಲೆ ಕಾಲಿಟ್ಟರೆ ಒಂದು ಭೇಟಿ ಮುಗಿಯಿತು ಎಂದು ಲೆಕ್ಕ. ಇದು ನಮ್ಮೂರಿನಲ್ಲಿ ಕಡಲೆ ಮಾರುವ ಹೆಂಗಸಿಗೂ ಗೊತ್ತು. ಎರಾಸ್ಮೊ ಎಸೆಗಾರರಿಗೆ ಇದನ್ನು ಬಾಯಿಪಾಠ ಮಾಡಿಸುತ್ತಿದ್ದ.

ಅವನು ಪಿದಿಯೊನ ಹೆಗಲ ಮೇಲೆ ಕೈ ಹಾಕಿ ಮಾತಾಡಿದ. ಪಿದಿಯೊ ತಲೆಯಾಡಿಸಿದ. ಎರಾಸ್ಮೊ ಇಳಿದು ಬಂದ. ಮಣ್ಣು ದಾಟಿದ. ಹುಲ್ಲಿನ ಮೇಲೆ ಒಂದು ಹೆಜ್ಜೆ, ಎರಡು ಹೆಜ್ಜೆ. ಆಮೇಲೆ ತಿರುಗಿದ.

ನಾನು ಬೇಲಿಯ ಪಕ್ಕ ನೀರಿನ ಪೈಪು ಹಿಡಿದು ನಿಂತಿದ್ದೆ. "ಬೇಡವೋ, ಬೇಡ" ಎಂದು ಕೂಗಿದೆ. ಆ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಪಿದಿಯೊ ಎರಡೂ ಕೈ ಮುಂದೆ ಚಾಚಿ ತಡೆಯುವ ಹಾಗೆ ಮಾಡಿದ. ಎರಾಸ್ಮೊ ಮಾತು ಶುರು ಮಾಡಿಕೊಂಡೇ ಮಣ್ಣು ಹತ್ತಿದ. ಎದುರು ತಂಡದ ಮ್ಯಾನೇಜರ್ ಮೈಗೆ ಬೆಂಕಿ ಬಿದ್ದವನಂತೆ ಹೊರಗೆ ಹಾರಿ ಬೆರಳು ತೋರಿಸಿದ. ಅಂಪೈರ್ ಬಂದ, ತಲೆ ಅಲ್ಲಾಡಿಸಿದ, ಚೆಂಡಿಗೆ ಕೈಯೊಡ್ಡಿದ.

ಎರಾಸ್ಮೊ ತನ್ನ ಕಾಲ ಕೆಳಗಿನ ಮಣ್ಣು ನೋಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇವನು ಮಾತನ್ನು ಪೂರ್ತಿ ಆಡಿಯೂ ಇರಲಿಲ್ಲ. ಪಿದಿಯೊ ಚೆಂಡು ಕೊಟ್ಟು, ಯಾರ ಮುಖವನ್ನೂ ನೋಡದೆ ಇಳಿದು ಹೋದ. ಆ ಕ್ಷಣ ನನಗೆ ನನ್ನ ಕೊಂಪಾದ್ರೆಯ ಮೇಲೆ ಬಂದ ಸಿಟ್ಟು ಎಂಥದ್ದೆಂದರೆ, ಕೈಯಲ್ಲಿದ್ದ ಪೈಪಿನಿಂದಲೇ ಹೊಡೆಯುತ್ತಿದ್ದೆ.

ಬದಲಿಗೆ ಬಂದ ಇಪ್ಪತ್ತೆರಡರ ಹುಡುಗ ನಾಲ್ಕೇ ಎಸೆತದಲ್ಲಿ ಆ ಇನಿಂಗ್ಸಿನ ಕೊನೆಯವನನ್ನು ಔಟ್ ಮಾಡಿದ. ಉಳಿದ ಎರಡು ಇನಿಂಗ್ಸಿನಲ್ಲೂ ಅವರಿಗೆ ರನ್ ಸಿಗಲಿಲ್ಲ. ನಾವು ಎರಡು-ಒಂದರಿಂದ ಗೆದ್ದೆವು. ಊರಿಗೆ ಹುಚ್ಚು ಹಿಡಿಯಿತು. ರೇಡಿಯೊದವನು, "ಎರಾಸ್ಮೊ ಕೆಸಾದಾ ಅವರ ಮರೆವಿಗೆ ಒಂದು ಗುಡಿ ಕಟ್ಟಿಸಬೇಕು" ಎಂದು ಅರಚಿದ. ಜನ ಬೇಲಿ ಹಾರಿ ಬಂದು ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಮೇಲೆ ಕುಳಿತವನು ಗೇಟಿನ ಕಡೆ ಹುಲ್ಲಿನ ಟೋಪಿ ಹುಡುಕುತ್ತಿದ್ದ. ಹೇಗೋ ಕೊಸರಿಕೊಂಡು ಇಳಿದು ಓಡಿದ. ನಾನೂ ಹಿಂದೆ ಓಡಿದೆ.

ಉರ್ತಾದೊ ಕಾರಿನ ಬಾಗಿಲು ತೆಗೆದಿದ್ದ.

"ಸ್ವಾಮಿ, ತಪ್ಪು ನಂದು. ಅವನ ಕೈ ಚೆನ್ನಾಗಿದೆ. ನೀವೇ ನೋಡಿದ್ರಲ್ಲ" ಎಂದ ಎರಾಸ್ಮೊ. ಏದುಸಿರು ಬಿಡುತ್ತಿದ್ದ.

"ನೋಡ್ದೆ. ಎಷ್ಟ್ ವರ್ಷದಿಂದ ಗೊತ್ತು ನಿಮ್ಗೆ ಆತ?"

"ಇಪ್ಪತ್ತೆರಡು."

"ಇಪ್ಪತ್ತೆರಡು ವರ್ಷ ನೋಡಿರೋ ನೀವೇ, ಕೊನೇ ಒಬ್ಬನ್ನ ಔಟ್ ಮಾಡ್ತಾನೆ ಅಂತ ನಂಬೋಕೆ ಧೈರ್ಯ ಸಾಲ್ದೆ ವಾಪಸ್ ಬಂದ್ರಿ. ನಾನು ಒಂದು ಮಧ್ಯಾಹ್ನ ನೋಡಿದವ್ನು. ನಮ್ಮ ಯಜಮಾನ್ರಿಗೆ ಏನಂತ ಹೇಳ್ಲಿ?"

ಎರಾಸ್ಮೊ ಕಾರಿನ ಬಾಗಿಲು ಹಿಡಿದುಕೊಂಡ. "ಕಾಲು ಹಿಡೀತೀನಿ. ನಾಳೆ ಇನ್ನೊಂದ್ ಸಲ ಎಸೆಸ್ತೀನಿ, ಒಬ್ಬನೇ ಬರ್ತಾನೆ, ನಾನು ಮೈದಾನದ ಹತ್ರಾನೂ ಬರಲ್ಲ." ಉರ್ತಾದೊ ಮರ್ಯಾದೆಯಿಂದಲೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಾಗಿಲು ಹಾಕಿಕೊಂಡ.

ಪಿದಿಯೊ ಒಳಗೆ ಬೆಂಚಿನ ಮೇಲೆ ಒಬ್ಬನೇ ಕುಳಿತಿದ್ದ. ಭುಜಕ್ಕೆ ಮಂಜುಗಡ್ಡೆ ಕಟ್ಟಿಕೊಂಡಿದ್ದ. ಎರಾಸ್ಮೊನ ಮುಖ ನೋಡಿದ ಮೇಲೆ ಕೇಳುವುದೇನೂ ಇರಲಿಲ್ಲ. ಆದರೂ ಒಂದು ಕೇಳಿದ.

"ಮೇಷ್ಟ್ರೇ, ಏನ್ ಹೇಳೋಕೆ ವಾಪಸ್ ಬಂದ್ರಿ?"

"ಹೆದರ್ಬೇಡ ಅಂತ."

"ನಂಗೆ ಹೆದ್ರಿಕೆ ಇರ್ಲಿಲ್ಲ ಮೇಷ್ಟ್ರೇ."

ಎರಾಸ್ಮೊ ಅವನ ಪಕ್ಕ ಕುಳಿತು ಅತ್ತ. ಅರವತ್ತೊಂದು ವರ್ಷದ ಗಂಡಸು ಹಾಗೆ ಅಳುವುದನ್ನು ನೋಡಬಾರದು. ನಾನು ನೋಡಿದೆ. ಆಚೆ ಜನ ಅವನ ಹೆಸರು ಕೂಗಿ ಕುಣಿಯುತ್ತಿದ್ದರು.

ಸೋಮವಾರ ಫೈನಲಿಗೆ ಮತ್ತೆ ಹೊರಗಿನವರನ್ನು ತೆಗೆದುಕೊಂಡರು, ಪಿದಿಯೊನ ಹೆಸರು ಹೊಡೆದು ಹಾಕಿದರು. ಎರಾಸ್ಮೊ ಟೋಪಿ ಕೈಯಲ್ಲಿ ಹಿಡಿದು ಸಾಹೇಬರ ಕೋಣೆಗೆ ಹೊರಟ. ಪಿದಿಯೊನೇ ಅಡ್ಡ ನಿಂತ. "ಒಂದ್ ಮನೇಲಿ ಒಲೆ ಆರಿದ್ರೆ ಸಾಕು. ಟೋಪಿ ಹಾಕ್ಕೊಳ್ಳಿ" ಎಂದ. ಎರಾಸ್ಮೊ ಹಾಕಿಕೊಂಡ. ಹಾಕಿಕೊಂಡದ್ದಕ್ಕೆ ತನ್ನನ್ನು ತಾನು ಇಂದಿಗೂ ಕ್ಷಮಿಸಿಲ್ಲ.

ಫೈನಲಿನ ಐದನೇ ಪಂದ್ಯದಲ್ಲಿ ಆ ಇಪ್ಪತ್ತೆರಡರ ಹುಡುಗನ ಎಸೆತ ಹದ ತಪ್ಪಿತು. ಅವನು ಮತ್ತೆ ಮತ್ತೆ ನಮ್ಮ ಬೆಂಚಿನ ಕಡೆ ನೋಡಿದ. ಯಾರಾದರೂ ಬಂದು ಒಂದು ಮಾತು ಹೇಳಲಿ ಎಂದು ಅವನ ಮುಖವೇ ಕೇಳುತ್ತಿತ್ತು. ಮ್ಯಾನೇಜರ್ ಎರಡು ಸಲ ಸನ್ನೆ ಮಾಡಿದ. ಎರಾಸ್ಮೊ ಬೆಂಚಿನ ಅಂಚು ಹಿಡಿದು ಕುಳಿತೇ ಇದ್ದ. ಮ್ಯಾನೇಜರ್ ತಾನೇ ಎದ್ದು ಹೋಗುವಷ್ಟರಲ್ಲಿ ಚೆಂಡು ಗೋಡೆಯಾಚೆ ಹೋಗಿತ್ತು, ಪಂದ್ಯವೂ ಹೋಗಿತ್ತು. ಗುಡಿ ಕಟ್ಟಿಸಬೇಕೆಂದಿದ್ದ ರೇಡಿಯೊದವನೇ ಎರಾಸ್ಮೊನನ್ನು ಕಲ್ಲುಗುಂಡು ಎಂದ.

ಪಿದಿಯೊ ಈಗ ಬಾಡಿಗೆಗೆ ಮೋಟಾರ್ ಸೈಕಲ್ಲಿನಲ್ಲಿ ಜನರನ್ನು ಕರೆದೊಯ್ಯುತ್ತಾನೆ. ಕಿತ್ತಳೆ ಬಣ್ಣದ ಅಂಗಿ ತೊಟ್ಟು ಮೈದಾನದ ಗೇಟಿನ ಎದುರು, ಬಾದಾಮಿ ಮರದ ಕೆಳಗೆ ನಿಲ್ಲುತ್ತಾನೆ. ಎರಾಸ್ಮೊ ಅವನ ಕಣ್ಣು ತಪ್ಪಿಸಲು ಎರಡು ತಿಂಗಳ ಕಾಲ ಮೈದಾನದ ಹಿಂದಿನ ಬಾಗಿಲಿನಿಂದ ಮನೆಗೆ ನಡೆದು ಹೋದ, ಆ ಮಂಡಿಗಳಲ್ಲಿ. ಒಂದು ದಿನ ಪಿದಿಯೊ ಗಾಡಿಯನ್ನು ಹಿಂದಿನ ಬಾಗಿಲಿಗೇ ತಂದು ನಿಲ್ಲಿಸಿದ.

"ಹತ್ತಿ ಮೇಷ್ಟ್ರೇ. ಬಿಡ್ತೀನಿ."

ಎರಾಸ್ಮೊ ಹತ್ತಿ ಕುಳಿತ. ಹಿಡಿದುಕೊಳ್ಳಲು ಬೇರೇನೂ ಇಲ್ಲದೆ ಅವನ ಬಲಭುಜ ಹಿಡಿದುಕೊಂಡ. ಈಗ ದಿನಾ ಹಾಗೇ ಹೋಗುತ್ತಾನೆ. ಸಕ್ಕರೆ ಕಾರ್ಖಾನೆ ದಾಟಿ, ಸೇತುವೆ ದಾಟಿ, ಮನೆಯ ತನಕ ಒಂದು ಮಾತಿಲ್ಲ. ಮೊನ್ನೆ ಪಿದಿಯೊನಿಗೆ ತಡೆಯಲಾಗಲಿಲ್ಲವಂತೆ. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿದನಂತೆ.

"ಏನಾದ್ರೂ ಮಾತಾಡಿ ಮೇಷ್ಟ್ರೇ. ಬೈರಿ ಬೇಕಾದ್ರೆ."

ಎರಾಸ್ಮೊ ಬಾಯಿ ತೆರೆದನಂತೆ. ಏನೂ ಬರಲಿಲ್ಲವಂತೆ. ಹಿಂದೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಪಿದಿಯೊ ಗಾಡಿ ಮುಂದಕ್ಕೆ ಬಿಟ್ಟ.